ಬಂಗಾರದ ದರ್ಜೆಗೆ ಒಂದು ಪ್ರಯಾಣ ಕಡಿಮೆ

ಬೀಜದ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗಿನ ತಣ್ಣನೆ ಗಾಳಿ ಹೊರಗೆ ಹರಿಯುತ್ತಿತ್ತು. ಹೊಸ್ತಿಲ ಮೇಲೆ ಕಾವಲುಗಾರ ಕನಕಪ್ಪ ಬೋರಲು ಬಿದ್ದಿದ್ದ. ತಲೆಯ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಉಸಿರಿತ್ತು.

ಒಳಗಿನ ಕಪಾಟಿನಲ್ಲಿ ಎರಡು ಡಬ್ಬಿಗಳ ಜಾಗ ಖಾಲಿ.

ಸಂಕ್ರಾಂತಿಯ ಮರುದಿನ ಬೆಳಿಗ್ಗೆ. ರಾಣೆಬೆನ್ನೂರಿನ ಅಂಚಿನಲ್ಲಿರುವ ಪರಮೇಶಪ್ಪನವರ ಬೀಜದ ಕಂಪನಿ. ಕನಕಪ್ಪನನ್ನು ಆಸ್ಪತ್ರೆಗೆ ಕಳಿಸಿ ಸಬ್‌ಇನ್‌ಸ್ಪೆಕ್ಟರ್ ಅರುಣಾ ಬಾಗಿಲನ್ನು ಪರೀಕ್ಷಿಸಿದಳು. ಎಲ್ಲೂ ಗೀರಿಲ್ಲ. ನಂಬರ್ ಒತ್ತಿ ತೆಗೆಯುವ ಬೀಗ ಅದು. ಯಾರೋ ನಂಬರ್ ಒತ್ತಿಯೇ ತೆಗೆದಿದ್ದರು.

"ಏನೇನ್ ಹೋಗೇತ್ರಿ?"

"ಎಲ್ಲಾ ಹೋತ್ರಿ ಮೇಡಂ." ಪರಮೇಶಪ್ಪ ಗೋಡೆಗೆ ಒರಗಿದರು. "ನಮ್ಮ ಹೈಬ್ರಿಡ್ ಮೆಣಸಿನಕಾಯಿ ಗಂಡು ತಳಿ, ಹೆಣ್ಣು ತಳಿ. ಎರಡನ್ನೂ ಕೂಡಿಸಿದ್ರಷ್ಟ ನಮ್ಮ ಕಾಯಿಗೆ ಆ ಕಡುಗೆಂಪು ಬಣ್ಣ ಬರತೈತಿ. ಡಬ್ಬಿ ಯಾರ ಕೈಯಾಗ ಐತೋ ಕಂಪನಿ ಅವರದು."

"ನಂಬರ್ ಯಾರ್ಯಾರಿಗೆ ಗೊತ್ತಿತ್ತು?"

"ಮೂರು ಮಂದಿಗ್ರಿ. ನನಗ. ಮ್ಯಾನೇಜರ್ ಸಿದ್ದೇಶಗ. ಮತ್ತ ನಮ್ಮಕ್ಕನ ಮಗ ಪ್ರೇಮಕುಮಾರಗ. ಆ ನಂಬರ್ ಕೀಲಿ ದುಬೈದಿಂದ ತಂದು ಕೂಡಿಸಿದವನ ಅಂವ. ಅಲ್ಲಿ ಮಸಾಲಿ ಕಂಪನಿ ಲ್ಯಾಬಿನ್ಯಾಗ ಕೆಲಸ."

ಲೆಕ್ಕ ಸರಳವಿತ್ತು. ಪರಮೇಶಪ್ಪ ಆ ರಾತ್ರಿ ಹಾವೇರಿಯ ತಮ್ಮನ ಮನೆಯಲ್ಲಿದ್ದರು. ಮನೆ ತುಂಬ ನೆಂಟರು. ಪ್ರೇಮಕುಮಾರ ದುಬೈಯಲ್ಲಿ. ಕಳುವಿನ ಸುದ್ದಿ ತಿಳಿದ ದಿನ ಸಂಜೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಮಾವನ ಎದುರು ಅತ್ತಿದ್ದ. ಉಳಿದವನು ಸಿದ್ದೇಶ. ಕುಪ್ಪೇಲೂರಿನ ಮನೆಯಲ್ಲಿ ಮಲಗಿದ್ದೆ ಅಂದ. ಹೌದು ಅಂದವಳು ಅವನ ಹೆಂಡತಿ ಕಾವ್ಯಾ ಒಬ್ಬಳೇ. ಹೆಂಡತಿಯ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕನಕಪ್ಪನಿಗೆ ಮೂರನೆಯ ದಿನ ಎಚ್ಚರವಾಯಿತು. "ಹಿಂದಿಂದ ಹೊಡದ್ರಿ. ಮಾರಿ ಕಾಣಲಿಲ್ಲ," ಅಂದ.

ಸಿದ್ದೇಶ ಹಾವೇರಿ ಜೈಲಿಗೆ ಹೋದ.

* * *

ತಿಂಗಳಾಯಿತು. ಚಾರ್ಜ್‌ಶೀಟ್ ಅರುಣಾಳ ಮೇಜಿನ ಮೇಲಿತ್ತು. ಸಹಿಯೊಂದು ಬಾಕಿ. ಸೋಮವಾರ ಕೋರ್ಟಿಗೆ ಹೋಗಲೇಬೇಕೆಂದು ಮೇಲಿನ ಸಾಹೇಬರ ಹುಕುಂ.

ಅವಳು ಕುರ್ಚಿಯಿಂದ ಎದ್ದಳು. ಕಿಟಕಿಗೆ ಹೋದಳು. ಮತ್ತೆ ಕುಳಿತಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಉತ್ತರ ಸರಿ ಬಂದರೂ ನಡುವಿನ ಹೆಜ್ಜೆ ಹೊಂದದಿದ್ದರೆ ಅವಳಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ.

"ಉಡಚಪ್ಪಾ, ನೀ ಸಿದ್ದೇಶ ಆಗಿದ್ರ ಬೀಜ ಹೆಂಗ ಕದೀತಿದ್ದಿ?"

ಹೆಡ್ ಕಾನ್‌ಸ್ಟೇಬಲ್ ಉಡಚಪ್ಪ ಚಹಾದ ಗ್ಲಾಸು ಕೆಳಗಿಟ್ಟ. "ನಾನೇನ್ರಿ, ದಿನಾ ಆ ಕೋಣ್ಯಾಗ ಅಡ್ಡಾಡಾಂವ. ಒಂದ್ ಚಮಚಾ ಕಿಸೇದಾಗ ಹಾಕ್ಕೊಂಡ್ ಹೊಂಟಬಿಡ್ತಿದ್ದೆ. ಯಾರಿಗೆ ಗೊತ್ತಾಕ್ಕೈತ್ರಿ?"

"ಕರೆಕ್ಟ್. ಬೀಜ ಅಂದ್ರ ಬಂಗಾರದ ಗಟ್ಟಿ ಅಲ್ಲ. ಚಮಚಾ ಸಿಕ್ಕರ ಬಿತ್ತಿ ಬೆಳಸಬಹುದು. ಹಂಗಾದ್ರ ಡಬ್ಬಿ ಸಮೇತ ಯಾಕ ಒಯ್ದ? ಕನಕಪ್ಪನ್ನ ಯಾಕ ಹೊಡದ?"

ಉಡಚಪ್ಪ ತಲೆ ಕೆರೆದುಕೊಂಡ. "ಮತ್ತ ಮತ್ತ ಬರಾಕ ಆಗದಾಂವ ಒಯ್ದಾನ ಅಂತೀರೇನ್ರಿ?"

"ಒಂದ ಅವಕಾಶ ಇದ್ದಾಂವ."

ಹೊರಗೆ ಬೇವಿನ ಮರದ ಬುಡದಲ್ಲಿ ಕಾವ್ಯಾ ಕುಳಿತಿದ್ದಳು. ಬಂದಾಗಲೆಲ್ಲ ಅಲ್ಲೇ ಕುಳಿತಿರುತ್ತಿದ್ದಳು. ಅರುಣಾ ಹೊರಬಂದರೆ ಎದ್ದು ನಿಲ್ಲುತ್ತಿದ್ದಳು.

"ಸೋಮವಾರ ಸಹಿ ಮಾಡ್ತೀರಂತಲ್ರಿ. ಮಾಡಿದ್ರ ಅವರು ಕಾಯಂ ಕಳ್ಳರ. ಮಾಡಬ್ಯಾಡ್ರಿ ಅನ್ನಾಕ ನಾ ಯಾರು? ಇನ್ನೊಮ್ಮೆ ನೋಡ್ರಿ ಅಂತೇನಿ, ಅಷ್ಟ."

"ಊಟ ಮಾಡಿಯೇನ?"

"ನೀವ್ ನೋಡ್ತೇನಿ ಅಂದ್ರ ಮಾಡ್ತೇನ್ರಿ."

ಅರುಣಾ ಉಡಚಪ್ಪನನ್ನು ಕೂಗಿ ಜೀಪು ತರಿಸಿದಳು.

* * *

ಕಂಪನಿ ಬಿಟ್ಟುಹೋದವರ ಪಟ್ಟಿ ತಿರುವಿದಾಗ ಸಿಕ್ಕ ಹೊಸ ಸುಳಿವು ಬ್ಯಾಡಗಿಯದಾಗಿತ್ತು. ದೀಪಿಕಾ ಮೊದಲು ಪರಮೇಶಪ್ಪನವರಲ್ಲೇ ತಳಿ ಅಭಿವೃದ್ಧಿಯ ಕೆಲಸದಲ್ಲಿದ್ದವಳು. ಈಗ ಬ್ಯಾಂಕಾಕಿನ ಬೀಜದ ಕಂಪನಿಯಲ್ಲಿ ಇದ್ದಾಳೆ. ಅಕ್ಕನ ಮದುವೆಗೆಂದು ಸಂಕ್ರಾಂತಿಯ ಹೊತ್ತಿಗೇ ಬಂದವಳು ಇನ್ನೂ ಮರಳಿರಲಿಲ್ಲ. ಅವಳು ಬಂದ ದಾರಿಯೇ ವಿಚಿತ್ರ.

ಮಾರುಕಟ್ಟೆಯ ಹಿಂದಿನ ಓಣಿ. ಗಾಳಿಯ ತುಂಬ ಘಾಟು. ಉಡಚಪ್ಪ ಸೀನುತ್ತಲೇ ಒಳಬಂದ.

ಅರುಣಾ ನೇರವಾಗಿ ಕೇಳಿದಳು. "ಬ್ಯಾಂಕಾಕಿನಿಂದ ಬೆಂಗಳೂರಿಗೆ ನೇರ ವಿಮಾನ ಐತಿ. ನೀವು ಕೌಲಾಲಂಪುರ, ಸಿಂಗಾಪುರ, ಕೊಲಂಬೊ ಸುತ್ತಿ ಬಂದೀರಿ. ಯಾರಿಗೆ ಏನ್ ಕೊಡಾಕ ಹೋಗಿದ್ರಿ?"

ದೀಪಿಕಾ ಬೆರಗಾದಳು. ಆಮೇಲೆ ನಕ್ಕಳು. ಆಮೇಲೆ ನಾಚಿದಳು.

"ಗೋಲ್ಡ್ ಸಲುವಾಗಿ ಹೋಗಿದ್ದೆ ಮೇಡಂ."

"ಬಂಗಾರ ತರಾಕ?" ಉಡಚಪ್ಪ ಚುರುಕಾದ.

"ಅಯ್ಯೋ, ಅದಲ್ರಿ ಕಾಕಾ. ವಿಮಾನ ಕಂಪನಿ ಕೊಡೋ ದರ್ಜಿ ಅದು. ಜಾಸ್ತಿ ಹಾರಿದ್ರ ಸಿಲ್ವರ್, ಇನ್ನೂ ಹಾರಿದ್ರ ಗೋಲ್ಡ್. ಗೋಲ್ಡ್ ಆದ್ರ ಜಾಸ್ತಿ ಸಾಮಾನು ಒಯ್ಯಬಹುದು, ಸಾಲಿನ್ಯಾಗ ನಿಂದ್ರೋದಿಲ್ಲ, ಲಾಂಜಿನ್ಯಾಗ ಕುಂತು ಉಣ್ಣಬಹುದು."

"ಉಣ್ಣೂದರ ಸಲುವಾಗಿ ಮೂರು ದೇಶ ಸುತ್ತಿದ್ರಿ?"

"ನಮ್ಮ ಮನ್ಯಾಗೂ ಹಿಂಗ ಬೈತಾರ್ರಿ. ಹೊರದೇಶದಾಗ ಇರೋರಿಗೆ ಅದೊಂದು ಹುಚ್ಚು. ನಾವು ಸದಸ್ಯರಿರೋ ಕಂಪನಿ ವಿಮಾನಾನ ಬೇಕು ಅಂತಿಲ್ಲ. ಪಾರ್ಟ್‌ನರ್ ಕಂಪನಿ ವಿಮಾನ ಹತ್ತಿ, ಟಿಕೆಟಿನ್ಯಾಗ ನಮ್ಮ ಸದಸ್ಯ ನಂಬರ್ ಹಾಕಿದ್ರ ಪಾಯಿಂಟು ನಮ್ಮ ಖಾತೆಗೇ ಬರತಾವು. ಅದಕ್ಕ ನೇರ ಬರದ ತುಂಡು ತುಂಡು ಮಾಡಿ ಬಂದೆ."

ಅರುಣಾ ಮುಂದಕ್ಕೆ ಬಾಗಿದಳು. "ಆ ಪಾಯಿಂಟು ರೊಕ್ಕಾ ಕೊಟ್ಟು ತಗೋಬಹುದೇನು?"

"ನಮ್ಮದರಾಗ ಇಲ್ರಿ. ಕ್ರೆಡಿಟ್ ಕಾರ್ಡ್ ತಿಕ್ಕಿದ್ರ ಫ್ರೀ ಟಿಕೆಟಿನ ಮೈಲು ಬರತಾವು. ದರ್ಜಿ ಏರೂದಿಲ್ಲ. ದರ್ಜಿಗೆ ಖುದ್ದ ಹಾರಬೇಕು. ಮತ್ತೊಬ್ಬರ ಪ್ರಯಾಣನೂ ನಡಿಯೂದಿಲ್ಲ, ಹೆಸರು ತಾಳೆ ಹಾಕಿ ನೋಡ್ತಾರ. ವರ್ಷದ ಗಡುವು ಮುಗಿದ್ರ ಮತ್ತ ಸೊನ್ನಿಯಿಂದ ಶುರು."

"ನಂಬರ್ ಹಾಕೂದು ಮರತ್ರ?"

"ಮರಿಯೂದಾ? ಊಟ ಬಿಟ್ಟೇವು, ಪಾಯಿಂಟ್ ಬಿಡೂದಿಲ್ರಿ."

ಅವಳು ಮಾತು ಮುಗಿಸಿ ತಾನೇ ಹೇಳಿದಳು: ಸಂಕ್ರಾಂತಿಯ ರಾತ್ರಿ ಮನೆಯ ತುಂಬ ಹೆಂಗಸರು, ಅರಿಶಿನದ ಶಾಸ್ತ್ರ, ತಾನು ಎಲ್ಲಿಯೂ ಹೋಗಿಲ್ಲ. ಓಣಿಯಲ್ಲಿ ವಿಚಾರಿಸಿದರೆ ಎಲ್ಲರೂ ಅದನ್ನೇ ಅಂದರು. ಹೊಸ ಬೀಗದ ನಂಬರೂ ಅವಳಿಗೆ ಗೊತ್ತಿರಲಿಲ್ಲ. ಅವಳು ಕಂಪನಿ ಬಿಟ್ಟ ಮೇಲೆ ಕೂಡಿಸಿದ ಬೀಗ ಅದು.

"ಪೆಟ್ರೋಲ್ ದಂಡ," ಅಂದ ಉಡಚಪ್ಪ, ಜೀಪು ಹತ್ತುತ್ತಾ.

* * *

ಶನಿವಾರ ಪರಮೇಶಪ್ಪನವರ ಕೊನೆಯ ಹೇಳಿಕೆ ಪಡೆಯುವುದಿತ್ತು. ಮನೆಯ ಪಡಸಾಲೆಯಲ್ಲಿ ಭಾರೀ ಸೂಟ್‌ಕೇಸುಗಳು ಸಾಲಾಗಿ ನಿಂತಿದ್ದವು. ಪ್ರೇಮಕುಮಾರ ಆಗಷ್ಟೇ ಬಂದು ಮುಟ್ಟಿದ್ದ. ಮೂವತ್ತೈದರ ಆಸುಪಾಸು. ನಯವಾದ ಮಾತು.

"ಬರ್ರಿ ಮೇಡಂ, ಕುಂದ್ರಿ. ಮಾಮಾಗ ಧೈರ್ಯ ಹೇಳಾಕ ಬಂದೇನಿ. ತಳಿನ ಹೋದ ಮ್ಯಾಲೆ ಕಂಪನಿ ಇಟ್ಕೊಂಡು ಏನ್ ಮಾಡೂದ್ರಿ? ಬಂದ ಬೆಲಿಗೆ ಮಾರ್ರಿ ಅನ್ನಾಕತ್ತೇನಿ."

ಪರಮೇಶಪ್ಪ ನೆಲ ನೋಡುತ್ತಿದ್ದರು.

"ಕಳುವಾದಾಗ ಬರಾಕ ಆಗಲಿಲ್ಲೇನ್ರಿ?" ಅರುಣಾ ಕೇಳಿದಳು.

"ರಜಾ ಎಲ್ಲೈತ್ರಿ? ದೀಪಾವಳಿಗೆ ಬಂದು ಹೋದಾಂವ ಈಗ ಬಂದೇನಿ. ನಡುವ ದುಬೈ ಬಿಟ್ಟು ಕಾಲು ಹೊರಗಿಟ್ಟಿಲ್ಲ."

ಪರಮೇಶಪ್ಪನವರ ಹೆಂಡತಿ ಮೈಲವ್ವ ಚಹಾ ತಂದರು. ಸೂಟ್‌ಕೇಸಿಗೆ ಕಾಲು ತಾಗಿತು. "ಏನಪಾ ಇದು, ಅಂಗಡೀನ ಹೊತ್ಕೊಂಡ್ ಬಂದೀ! ದೀಪಾವಳಿಗೆ ಬಂದಾಗ ಸಾಮಾನು ಜಾಸ್ತಿ ಆತಂತ ದಂಡಾ ಕಟ್ಟಿದ್ದೆಲ್ಲ?"

"ಅತ್ತೀ, ಈಗ ಆ ತ್ರಾಸ ಇಲ್ಲ."

"ಹೌದಲ್ಲ, ಆಗ ಬೆಳ್ಳಿ ಐತಿ, ಇನ್ನೊಂದು ಸಲ ಹೋಗಿ ಬಂದ್ರ ಬಂಗಾರ ಆಕ್ಕೈತಿ ಅಂತಿದ್ದಿ. ಬೆಳ್ಳಿ ಬಂಗಾರ ಎಲ್ಲಾ ಆತು, ಮದಿವಿ ಒಂದ್ ಆಗವಲ್ದು ನಿಂದು!"

ಎಲ್ಲರೂ ನಕ್ಕರು. ಅರುಣಾ ನಗುತ್ತಲೇ ಸೂಟ್‌ಕೇಸಿನ ಹಿಡಿಕೆ ನೋಡಿದಳು. ದುಬೈ ನಿಲ್ದಾಣದಲ್ಲಿ ಕಟ್ಟಿದ ಚೀಟಿ ಇನ್ನೂ ತೂಗುತ್ತಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಗೋಲ್ಡ್’.

ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಜೀಪಿನಲ್ಲಿ ಕುಳಿತೇ ಬೆಂಗಳೂರಿನ ವಲಸೆ ಕಚೇರಿಗೆ ಫೋನು ಹಚ್ಚಿದಳು. ಉತ್ತರಕ್ಕೆ ಕಾಯುವುದು ಅವಳಿಂದಾಗಲಿಲ್ಲ. ಠಾಣೆಯಲ್ಲಿ ಕೂತಳು, ಎದ್ದಳು, ಕೂತಳು. ಸಹಿಯಿಲ್ಲದ ಹಾಳೆಗಳನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು.

* * *

ಭಾನುವಾರ ಮಧ್ಯಾಹ್ನ ಅದೇ ಪಡಸಾಲೆ. ಈ ಸಲ ಉಡಚಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಪ್ರೇಮಕುಮಾರ, ದೀಪಾವಳಿಗೆ ನಿಮಗ ಸಿಲ್ವರ್ ಇತ್ತು. ಗೋಲ್ಡಿಗೆ ಒಂದು ಹೋಗಿ ಬರೂ ಪ್ರಯಾಣ ಕಡಿಮಿ ಇತ್ತು. ಖರೇ?"

"ಇದ್ದಿರಬೇಕ್ರಿ. ಯಾಕ?"

"ನಿನ್ನೆ ಗೋಲ್ಡ್ ಚೀಟಿ ಕಟ್ಕೊಂಡ್ ಬಂದ್ರಿ. ನಡುವ ಎಲ್ಲಿ ಹಾರಿದ್ರಿ?"

"ಎಲ್ಲೂ ಇಲ್ಲ. ಈಗ ಬಂದ್ನೆಲ್ಲ, ಇದರಿಂದ ಆಗೇತಿ."

"ಚೀಟಿ ಕಟ್ಟಿದ್ದು ವಿಮಾನ ಹತ್ತೂ ಮೊದಲ. ಈ ಪ್ರಯಾಣದ ಪಾಯಿಂಟು ಇಳಿದ ಮ್ಯಾಲೆ ಬರತಾವು."

ಪ್ರೇಮಕುಮಾರ ತುಟಿ ಸವರಿಕೊಂಡ. "ಕಾರ್ಡಿಂದ ಬಂದಾವು. ಖರ್ಚು ಭಾಳ ಮಾಡಿದ್ದೆ."

"ಕಾರ್ಡಿಂದ ಟಿಕೆಟ್ ಬರತೈತಿ. ದರ್ಜಿ ಬರೂದಿಲ್ಲ. ನಿಮ್ಮ ವಿಮಾನ ಕಂಪನಿ ನಿಯಮನೂ ತೆಗೆದು ಓದೇನಿ. ಯಾರೋ ಕೊಟ್ರು ಅನ್ನಾಕೂ ಬರೂದಿಲ್ಲ. ಆ ಹೆಸರಿನ ಮನಿಷ್ಯಾನ ಹಾರಬೇಕು. ಅಂದ್ರ ನೀವು ಹಾರೀರಿ. ಹಾರಿದ್ದನ್ನ ಮುಚ್ಚಿಟ್ಟೀರಿ. ಯಾಕ ಮುಚ್ಚಿಟ್ರಿ ಅನ್ನೂದ ನನ್ನ ಪ್ರಶ್ನೆ."

ಪರಮೇಶಪ್ಪ ಮೊದಲ ಸಲ ತಲೆ ಎತ್ತಿದರು.

"ಬೆಂಗಳೂರಿನಿಂದ ಮುಂಜಾನೆ ಉತ್ತರ ಬಂತು," ಅರುಣಾ ಮುಂದುವರಿಸಿದಳು. "ಸಂಕ್ರಾಂತಿ ದಿನ ಬೆಳಿಗ್ಗೆ ನೀವು ಗೋವಾದಾಗ ಇಳದೀರಿ. ಮರುದಿನ ಅಲ್ಲಿಂದಲೇ ವಾಪಸ್. ಬೆಂಗಳೂರು, ಹುಬ್ಬಳ್ಳಿ ಕಡೆ ಬಂದ್ರ ಗುರ್ತಿನವರು ಕಾಣತಾರ ಅಂತ ಗೋವಾ ಹಿಡದ್ರಿ. ನೀವು ಸದಸ್ಯರಿರೋ ಕಂಪನಿ ವಿಮಾನ ಗೋವಾಕ್ಕ ಬರೂದಿಲ್ಲ. ಅದಕ್ಕ ಪಾರ್ಟ್‌ನರ್ ವಿಮಾನ. ಗುಟ್ಟಿನ ಪ್ರಯಾಣ ಅಂದ ಮ್ಯಾಲೆ ಸದಸ್ಯ ನಂಬರ್ ಹಾಕಬಾರದಿತ್ತು. ಆದ್ರ ನಿಮ್ಮ ಸದಸ್ಯತ್ವದ ವರ್ಷದ ಗಡುವು ಮುಗಿಯಾಕ ಬಂದಿತ್ತು. ಬಿಡಾಕ ಮನಸ್ಸು ಬರಲಿಲ್ಲ. ನಂಬರ್ ಹಾಕಿದ್ದಕ್ಕ ಗೋಲ್ಡ್ ಬಂತು. ಗೋಲ್ಡ್ ಬಂದದ್ದಕ್ಕ ನಾ ಕೇಳಿದೆ."

ಅರುಣಾ ಪರಮೇಶಪ್ಪನವರ ಕಡೆ ತಿರುಗಿದಳು.

"ಒಳಗ ಅಡ್ಡಾಡಾಂವ ಚಮಚಾ ಒಯ್ತಿದ್ದ. ಒಂದ ರಾತ್ರಿ ಸಿಕ್ಕಾಂವ ಡಬ್ಬೀನ ಎತ್ತಿದ. ನಂಬರ್ ಮೂವರಿಗೆ ಗೊತ್ತು. ಒಬ್ಬಾಂವ ಇಲ್ಲಿಲ್ಲ ಅಂತ ನಾವು ಲೆಕ್ಕದಾಗ ಬಿಟ್ಟಿದ್ವಿ."

"ಏ ಪ್ರೇಮಾ," ಮೈಲವ್ವ ಅವನ ತೋಳು ಹಿಡಿದರು. "ಸುಳ್ಳಂತ ಹೇಳೋ."

ಅವನು ಕೈ ಬಿಡಿಸಿಕೊಂಡು ಮಾವನ ಕಡೆ ತಿರುಗಿದ. "ಆ ಬಣ್ಣ ಅಳತಿ ಮಾಡಿ, ಇದರಂಥದ್ದು ಜಗತ್ತಿನ್ಯಾಗ ಇಲ್ಲ ಅಂತ ಹೇಳಿದಾಂವ ನಾನು. ಪಾಲು ಕೊಡ್ತೇನಿ ಅಂದ್ರಿ. ಕೇಳಿದಾಗೆಲ್ಲ ನೋಡೋಣು, ನೋಡೋಣು."

"ಕನಕಪ್ಪ ಏನ್ ಮಾಡಿದ್ನೋ ನಿನಗ?" ಪರಮೇಶಪ್ಪ ಕೇಳಿದರು.

"ಅಂವ ಎದ್ದು ಬರತಾನಂತ ಗೊತ್ತಿದ್ದಿಲ್ಲ."

ಡಬ್ಬಿಗಳು ದುಬೈಗೆ ಹೋಗಿರಲಿಲ್ಲ. ವಿಮಾನ ನಿಲ್ದಾಣದ ತಪಾಸಣೆಗೆ ಹೆದರಿ, ಗೋವಾಕ್ಕೆ ಮರಳುವಾಗ ಪ್ರೇಮಕುಮಾರ ಅವುಗಳನ್ನು ಬಾಡಿಗೆ ಕಾರಿನ ಡ್ರೈವರನ ಕೈಗೆ ಕೊಟ್ಟಿದ್ದ. ಡ್ರೈವರ ಅವು ಏನೆಂದು ತಿಳಿಯದೆ, ಹೇಳಿದಂತೆ ಬ್ಯಾಡಗಿಯ ಶೈತ್ಯಾಗಾರವೊಂದರಲ್ಲಿ ಒಣಮೆಣಸಿನಕಾಯಿ ಚೀಲದೊಳಗೆ ಇಟ್ಟುಬಂದಿದ್ದ. ಸಂಜೆಯೊಳಗೆ ಎರಡೂ ಡಬ್ಬಿ ಸಿಕ್ಕವು. ಮೊಹರು ಒಡೆದಿರಲಿಲ್ಲ.

* * *

ಸಿದ್ದೇಶನನ್ನು ಬಿಟ್ಟ ದಿನ ಅರುಣಾ ಹಾವೇರಿಗೆ ಹೋದಳು. ಜೈಲಿನ ಎದುರು ಕಾವ್ಯಾ ನಿಂತಿದ್ದಳು. ಸಿದ್ದೇಶ ಹೊರಬಂದ. ಸೊರಗಿದ್ದ. ಗಡ್ಡ ಬೆಳೆದಿತ್ತು. ಹೆಂಡತಿಯನ್ನು ಕಂಡು ಅವಳ ಪಕ್ಕ ಬಂದು ನಿಂತ.

"ಜೀಪಿನ್ಯಾಗ ಬರ್ರಿ," ಅಂದಳು ಅರುಣಾ. "ಮನೀ ತನಕ ಬಿಡ್ತೇನಿ."

ಸಿದ್ದೇಶ ಹೆಜ್ಜೆ ಎತ್ತಿದ. ಕಾವ್ಯಾ ಅವನ ತೋಳು ಹಿಡಿದು ನಿಲ್ಲಿಸಿದಳು.

"ಬ್ಯಾಡ್ರಿ ಮೇಡಂ. ಸಿಟ್ಟಿಗೆದ್ದು ಅನ್ನಾಕತ್ತಿಲ್ಲ. ಪೊಲೀಸ್ ಜೀಪಿನ್ಯಾಗ ಇಳಿದ್ರ ಊರಾಗ ಮತ್ತ ಏನೋ ಆಗೇತಿ ಅಂತಾರ. ನಾವು ಕುಪ್ಪೇಲೂರ ಬಸ್ಸಿಗೇ ಹೋಗತೇವಿ. ಬಸ್ ತುಂಬ ಮಂದಿ ಇರಬೇಕು. ಎಲ್ಲಾರೂ ನೋಡಬೇಕು."

ಇಬ್ಬರೂ ರಸ್ತೆ ದಾಟಿ ನಿಲ್ದಾಣದ ಕಡೆ ನಡೆದರು. ಮೊದಲು ಬಂದ ಕುಪ್ಪೇಲೂರು ಬಸ್ಸು ಅರ್ಧ ಖಾಲಿಯಿತ್ತು. ಅವರು ಅದನ್ನು ಹೋಗಗೊಟ್ಟು ಮುಂದಿನದಕ್ಕೆ ಕಾದರು.