ಬೆಕ್ಕು ಕುಣಿಯೋಕೆ ಮುಂಚೆ

“ನಿಲ್ಸಮ್ಮ, ನಿಲ್ಸು. ಕಂಪ್ಯೂಟರ್ ಕೊಟ್ಟ ಚಲುವರಾಜಣ್ಣನವ್ರ ಹೆಸರೆಲ್ಲಿ?”

ಹೆಡ್‌ಮಾಸ್ಟರ್ ಮಹದೇವಯ್ಯ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿದರು. ಪರದೆಯಲ್ಲಿ ಹಳದಿ ಬೆಕ್ಕೊಂದು ಒಂದು ಕಾಲೆತ್ತಿಕೊಂಡು ನಿಂತಿತ್ತು. ಆರನೇ ಕ್ಲಾಸಿನ ಚಂದನ ಕೀಬೋರ್ಡಿನಿಂದ ಬೆರಳು ತೆಗೆದಳು.

ಮದ್ದೂರಿನ ಶಾಲಾ ಪ್ರದರ್ಶನಕ್ಕೆಂದು ಆ ಬೆಕ್ಕನ್ನು ಕುಣಿಸಲು ಅವಳೂ ಅವಳ ಕ್ಲಾಸಿನ ಸಿದ್ದೇಶನೂ ಎಷ್ಟೋ ದಿನ ಆಟ ಬಿಟ್ಟು ಕೂತಿದ್ದರು. ಒಂದು ಕೀ ಒತ್ತಿದರೆ ಒಂದು ತಮಟೆ ಏಟು, ಬೆಕ್ಕಿಗೆ ಒಂದು ಹೆಜ್ಜೆ. ಪಕ್ಕದ ಕೀ ಒತ್ತಿದರೆ ಬೇರೆ ಏಟು, ಬೆಕ್ಕಿಗೆ ಒಂದು ಲಾಗ.

ತಮಟೆ ಮಾತ್ರ ಅವರದಲ್ಲ. ಮಳವಳ್ಳಿ ಕಡೆಯ ಮೂವರು ಕಲಾವಿದರು ಬಾರಿಸಿ, ಶಾಲೆ ಮಕ್ಕಳಿಗೆಂದೇ ಇಂಟರ್‌ನೆಟ್ಟಿಗೆ ಹಾಕಿದ್ದರು. ಶುರುವಿನಲ್ಲೇ ಒಬ್ಬರ ದನಿ ಬರುತ್ತಿತ್ತು: “ಕಾಸು ಬ್ಯಾಡ ಮಕ್ಳಾ. ಎಂಗಾರಾ ಕತ್ತರ್ಸಿ, ಎಂಗಾರಾ ಸೇರ್ಸಿ. ಬಾರ್ಸೋಕ್ ಮುಂಚೆ ನಮ್ ಎಸ್ರು ಯೋಳ್ಬುಡಿ, ಸಾಕು. ನಾನು ಪುಟ್ಟಮಾದಯ್ಯ, ಇವ್ನು ನಿಂಗಯ್ಯ, ಅವ್ನು ಮರಿಸಿದ್ದಯ್ಯ.”

ಆ ಮೂರು ಹೆಸರನ್ನು ಚಂದನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದಳು.

“ಇವ್ರೇನು ನಮ್ ಸ್ಕೂಲಿಗೆ ಏನಾರ ಕೊಟ್ಟವ್ರಾ?” ಮಹದೇವಯ್ಯ ಕೇಳಿದರು.

“ತಮಟೆ ಕೊಟ್ಟವ್ರೆ ಸಾರ್.”

“ಕಣ್ಣಿಗೆ ಕಾಣೋ ಅಂಥದ್ದು ಏನ್ ಕೊಟ್ಟವ್ರೆ ಅಂದೆ.”

ಆ ಶಾಲೆಯಲ್ಲಿ ಕೊಟ್ಟಿದ್ದಕ್ಕೆಲ್ಲ ಹೆಸರಿತ್ತು. ನೀರಿನ ಡ್ರಮ್ಮಿಗೂ ಇತ್ತು, ಡ್ರಮ್ಮಿನ ಮುಚ್ಚಳಕ್ಕೆ ಬೇರೆಯೇ ಇತ್ತು. ಫ್ಯಾನಿನ ರೆಕ್ಕೆಗಳ ಮೇಲೆ ‘ದಿವಂಗತ ಚಿಕ್ಕಬೋರಮ್ಮನವರ ನೆನಪಿಗೆ ಮಗ ಚಲುವರಾಜು’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು. ಫ್ಯಾನ್ ತಿರುಗಿದರೆ ಹೆಸರು ಕಾಣುವುದಿಲ್ಲವಲ್ಲ. ಅದಕ್ಕೇ ಅತಿಥಿಗಳು ಬಂದಾಗ ಅದನ್ನು ಆರಿಸುತ್ತಿದ್ದರು. ಅತಿಥಿಗಳು ಬೆವರು ಒರೆಸಿಕೊಳ್ಳುತ್ತಾ ಓದುತ್ತಿದ್ದರು.

“ಬರ್ಕೊಳ್ರಿ,” ಎಂದರು ಮಹದೇವಯ್ಯ. “ಕಂಪ್ಯೂಟರ್ ದಾನಿಗಳು. ಟೇಬಲ್ ದಾನಿಗಳು. ಟೇಬಲ್ ಬಟ್ಟೆ ದಾನಿಗಳು.”

“ಮೌಸ್ ಪ್ಯಾಡಿಗೂ ದಾನಿ ಅವ್ರಾ ಸಾರ್?” ಸಿದ್ದೇಶ ಕೇಳಿದ.

“ಅವ್ರೆ. ಫೋಟೋ ಸಮೇತ ಹಾಕು. ಜಾಗ ಸಾಲ್ದಿದ್ರೆ ಆ ತಮಟೆಯವ್ರನ್ನ ತೆಗೆ. ಬಿಟ್ಟಿ ಸಿಕ್ಕಿದ್ದಕ್ಕೆಲ್ಲ ಹೆಸ್ರು ಹಾಕೋಕಾಯ್ತದಾ?”

ಸಂಜೆ ಚಂದನ, ಸಿದ್ದೇಶ ಒಟ್ಟಿಗೆ ಮನೆಗೆ ಹೊರಟರು. ದಾರಿಯಲ್ಲಿ ಚಂದನ ಕೇಳಿದಳು, “ಅವ್ರು ಕೇಳಿದ್ದು ಅದೊಂದೇ ಕಣ್ಲಾ. ಅದೂ ಕೊಡ್ದಿದ್ರೆ ಕದ್ದಂಗಾಗಲ್ವಾ?”

“ಆಯ್ತದೆ. ಓಗಿ ಸಾರ್‌ಗೆ ಯೋಳು.”

“ನೀನೇ ಯೋಳು.”

“ನಂಗಿನ್ನೂ ಈ ಸ್ಕೂಲಲ್ಲಿ ಓದ್ಬೇಕು ಕಣಮ್ಮಿ.”

ಮದ್ದೂರಿನಲ್ಲಿ ಪ್ರದರ್ಶನದ ದಿನ ಚಲುವರಾಜು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಪರದೆಯಲ್ಲಿ ಹೆಸರುಗಳು ಒಂದೊಂದಾಗಿ ಮೇಲೇರಿದವು. ಏರಿದವು, ಏರುತ್ತಲೇ ಇದ್ದವು. ತಮಟೆಯವರ ಮೂರು ಹೆಸರು ಅವುಗಳಲ್ಲಿರಲಿಲ್ಲ. ಮೌಸ್ ಪ್ಯಾಡಿನ ದಾನಿಗಳು ನಗುತ್ತಾ ಅರ್ಧ ಬರುವಷ್ಟರಲ್ಲಿ ತೀರ್ಪುಗಾರ ಮೇಡಂ ಬೆಲ್ ಹೊಡೆದರು.

“ಟೈಮ್ ಆಯ್ತು. ನೆಕ್ಸ್ಟ್ ಸ್ಕೂಲು.”

“ಮೇಡಂ, ಬೆಕ್ಕು ಇನ್ನೂ ಕುಣ್ದಿಲ್ಲ,” ಎಂದ ಸಿದ್ದೇಶ.

“ಯಾವ ಬೆಕ್ಕು?” ಮೇಡಂ ತಮ್ಮ ಹಾಳೆ ನೋಡಿಕೊಂಡರು. “ದಾನಿಗಳ ಬಗ್ಗೆ ಪ್ರಾಜೆಕ್ಟು ತಾನೇ? ಚೆನ್ನಾಗಿದೆ.”

ಮಹದೇವಯ್ಯ ಖುಷಿಯಿಂದ ಚಲುವರಾಜುವನ್ನು ಊಟಕ್ಕೆ ಕರೆದೊಯ್ದರು. ಚಂದನ ಕಣ್ಣು ತುಂಬಿಕೊಂಡು ಟೇಬಲ್ ಬಟ್ಟೆಯ ಅಂಚು ಸುತ್ತುತ್ತಾ ನಿಂತಳು.

ಪಕ್ಕದ ಟೇಬಲ್ಲಿನ ಹುಡುಗಿ ಶೋಭಿತಾ ಬಂದಳು. ಮಂಡ್ಯದ ಯಾವುದೋ ಶಾಲೆಯವಳು. “ಬೆಕ್ಕು ಎಲ್ಲೇ? ತೋರ್ಸು.”

ಚಂದನ ಬಾಗಿಲ ಕಡೆ ನೋಡಿದಳು. ಸಾರ್ ಇರಲಿಲ್ಲ. ಪಟ್ಟಿಯನ್ನು ದಾಟಿಸಿ ಬೆಕ್ಕಿಗೆ ಬಂದಳು. “ಇದು ಬಾರ್ಸಿರೋದು ಪುಟ್ಟಮಾದಯ್ಯ, ನಿಂಗಯ್ಯ, ಮರಿಸಿದ್ದಯ್ಯ,” ಎಂದು ಹೇಳಿಯೇ ಕೀ ಒತ್ತಿದಳು.

ತಮಟೆ ಗುಡುಗಿತು. ಬೆಕ್ಕು ಲಾಗ ಹಾಕಿತು. ಅಕ್ಕಪಕ್ಕದ ಟೇಬಲ್ಲಿನ ಮಕ್ಕಳೆಲ್ಲ ಓಡಿ ಬಂದರು. ಕೈ ತೊಳೆದು ಬಂದ ಚಲುವರಾಜುವಿನ ಕಾಲೂ ತಾಳ ಹಾಕತೊಡಗಿತು.

“ಯಾರ್ದವ್ವಾ ಇದು?” ಎಂದರು ಅವರು.

“ನೀವ್ ಕೊಟ್ಟ ಕಂಪ್ಯೂಟ್ರೇ ಅಣ್ಣಾ,” ಹಿಂದಿನಿಂದ ಮಹದೇವಯ್ಯ ಹೇಳಿದರು.

“ಅದ್ ಗೊತ್ತು ಕಣಯ್ಯ. ತಮಟೆ ಬಾರ್ಸಿರೋರು ಯಾರು ಅಂದೆ.”

ಮಹದೇವಯ್ಯನವರಿಗೆ ಆ ಹೆಸರುಗಳು ನೆನಪಿರಲಿಲ್ಲ. ಅವರು ಚಂದನಳ ಮುಖ ನೋಡಿದರು. ಚಂದನ ಮೂರು ಹೆಸರನ್ನೂ ಮತ್ತೆ ಹೇಳಿದಳು, ಈ ಸಲ ಜೋರಾಗಿ.

“ನಾನೊಂದ್ಸಲ ಒತ್ಲಾ?” ಶೋಭಿತಾ ಕೀಬೋರ್ಡಿನ ಮುಂದೆ ಕೂತಳು. ಯಾರೂ ಹೇಳಿಕೊಡದೆ ತಾನೇ ಮೂರು ಹೆಸರು ಹೇಳಿದಳು. ಬೆರಳು ಇಳಿಸುವ ಮೊದಲು ತಡೆದು ತಿರುಗಿದಳು. “ಬೆಕ್ಕು ಕುಣ್ಸಿದ್ದು ಯಾರು? ನಿನ್ನೆಸ್ರೇನೇ?”

ಅಷ್ಟುದ್ದದ ಪಟ್ಟಿಯಲ್ಲಿ ತಮ್ಮಿಬ್ಬರ ಹೆಸರು ಇರಲಿಲ್ಲ ಎನ್ನುವುದು ಚಂದನಳಿಗೆ ಆಗಲೇ ಹೊಳೆದದ್ದು.

“ಚಂದನ,” ಎಂದಳು ಮೆಲ್ಲಗೆ. “ಇವ್ನು ಸಿದ್ದೇಶ.”

ಶೋಭಿತಾ ಆ ಎರಡನ್ನೂ ಸೇರಿಸಿ ಹೇಳಿ ಕೀ ಒತ್ತಿದಳು. ಎಲ್ಲರೂ ಬೆಕ್ಕನ್ನು ನೋಡುತ್ತಿದ್ದರು. ಚಂದನ ಮಾತ್ರ, ಆ ಮೂರು ಹೆಸರು ಹೇಳಿದ್ದು ಮಳವಳ್ಳಿಯವರೆಗೂ ಕೇಳಿಸುವಂತಿದ್ದರೆ ಎಂದುಕೊಂಡಳು.