ಕಮಾಂಡೋ ಅಪ್ಪನ ಕಿವಿ ಮಷಿನ್

"ಇದು ಮೊಣಕಾಲಿಗೆ" ಎನ್ನುತ್ತ ಅಪ್ಪ ಸವೆದ ಕಪ್ಪು ಪ್ಯಾಡೊಂದನ್ನು ಟೀಚರ್ ಮೇಜಿನ ಮೇಲಿಟ್ಟ. "ಬಂಡೆ ಮೇಲೆ ತೆವಳುವಾಗ ಇದಿಲ್ಲ ಅಂದ್ರೆ ಚರ್ಮ ಅಲ್ಲೇ ಬಿಟ್ಟು ಬರಬೇಕಾಗುತ್ತೆ."

ಐದನೇ ಕ್ಲಾಸಿಗೆ ಕ್ಲಾಸೇ ಉಸಿರು ಬಿಗಿಹಿಡಿದು ಕೂತಿತ್ತು. ಯಾವತ್ತೂ ಗೋಡೆಗೆ ಒರಗಿ ತೂಕಡಿಸುವ ಕೊನೇ ಬೆಂಚು ಕೂಡ ಮುಂದಕ್ಕೆ ಬಗ್ಗಿತ್ತು.

ಮೊದಲ ಬೆಂಚಿನಲ್ಲಿ ಬುಗುರಿ ಇದ್ದಳು. ಅವಳ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಹೊರಗೆ ಬರುತ್ತಿತ್ತು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ, ಅದಕ್ಕೇ ಎಲ್ಲರಿಗೂ ಬುಗುರಿ. ಇವತ್ತು ಮಾತ್ರ ಅವಳು ಅಲ್ಲಾಡಿರಲಿಲ್ಲ. "ನಮ್ಮಪ್ಪ ಕಮಾಂಡೋ, ಗೊತ್ತಾ?" ಎಂದು ಅವಳು ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಈಗ ಅಪ್ಪ ಸೇನೆಯ ಕೆಲಸ ಮುಗಿಸಿ ಮನೆಗೇ ಬಂದುಬಿಟ್ಟಿದ್ದ. ಮಿಸ್ ಕರೆದರು ಎಂದು ತನ್ನ ದೊಡ್ಡ ಬೆನ್ನುಚೀಲ ಹೊತ್ತು ಸ್ಕೂಲಿಗೂ ಬಂದಿದ್ದ.

ಅಪ್ಪ ಒಂದೊಂದೇ ಸಾಮಾನು ತೆಗೆದ. ಅಂಗೈ ಸುಡದ ಹಾಗೆ ಹಗ್ಗ ಹಿಡಿದು ಜಾರಲು ದಪ್ಪ ಗ್ಲೌಸ್. ಹಗ್ಗವನ್ನು ಸೊಂಟದ ಪಟ್ಟಿಗೆ ಸೇರಿಸುವ ಕಬ್ಬಿಣದ ಕೊಂಡಿ. ನಡೆಯುತ್ತಲೇ ಹೀರಲು ನಳಿಗೆ ಇರುವ ನೀರಿನ ಚೀಲ. ಒಂದೇ ಕೈಯಲ್ಲಿ ಕಟ್ಟಿಕೊಳ್ಳಬಹುದಾದ ಬ್ಯಾಂಡೇಜ್.

"ಬಂದೂಕು, ಕತ್ತಲಲ್ಲಿ ಕಾಣೋ ಕನ್ನಡಕ, ರೇಡಿಯೋ, ಅವೆಲ್ಲ ವಾಪಸ್ ಕೊಟ್ಟು ಬಂದೆ. ಇವಿಷ್ಟು ನನ್ನವು" ಎಂದ ಅಪ್ಪ. "ಏನಾದ್ರೂ ಕೇಳೋದಿದ್ರೆ ಕೇಳಿ."

ಕೈಗಳು ಮೇಲೆದ್ದವು. ಮೊದಲು ಎದ್ದು ನಿಂತವನು ಚಾಕ್‌ಪೀಸ್. ಉದ್ದಕ್ಕೆ, ಸಣ್ಣಕ್ಕೆ, ಬೆಳ್ಳಗೆ ಇದ್ದ ಅವನಿಗೆ ಆ ಹೆಸರಿಟ್ಟವಳು ಬುಗುರಿಯೇ.

"ಅಂಕಲ್, ಕಾಡಲ್ಲಿ ನೀವು ಹಾವು ತಿಂತಿದ್ರಾ?"

ಅಪ್ಪ ತಲೆ ಓರೆ ಮಾಡಿ ಅವನ ತುಟಿಯನ್ನೇ ನೋಡಿದ. ಚಾಕ್‌ಪೀಸ್ ಅಷ್ಟರಲ್ಲಿ ಪಕ್ಕದವನ ಕಡೆ ತಿರುಗಿಬಿಟ್ಟಿದ್ದ.

"ಮಾವಾ? ಸಿಕ್ಕಿದ್ರೆ ಬಿಡ್ತೀವಾ" ಎಂದ ಅಪ್ಪ. "ಸಿಪ್ಪೆ ಸುಲಿದು, ತುಂಡು ಮಾಡಿ, ಎಲ್ಲರೂ ಹಂಚ್ಕೊಂಡು ತಿಂತಿದ್ವಿ. ಕೈಯೆಲ್ಲ ರಸ."

ಮಕ್ಕಳು ಮುಖ ಮುಖ ನೋಡಿಕೊಂಡರು. ಆಮೇಲೆ ನಗು ಭೋರ್ಗರೆಯಿತು. ಕೊನೇ ಬೆಂಚು ಮೇಜು ಕುಟ್ಟಿತು. ಮಿಸ್ ಕೂಡ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

ಕಿಟಕಿ ಪಕ್ಕದ ಪುಟ್ಟ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಅಂಕಲ್, ನಿಮಗೆ ಭಯ ಆಗ್ತಿತ್ತಾ?"

"ಭಾರಾನಾ? ಮೊದಮೊದಲು ತುಂಬಾ ಆಗ್ತಿತ್ತು. ಆಮೇಲೆ ಬೆನ್ನಿಗೆ ಅಭ್ಯಾಸ ಆಯ್ತು."

ಮತ್ತೆ ನಗು. ಅಪ್ಪನೂ ನಕ್ಕ. ತಾನು ಹೇಳಿದ್ದು ಮಕ್ಕಳಿಗೆ ಹಿಡಿಸಿತು ಎಂದು ಮನಸಾರೆ ನಕ್ಕ. ಬುಗುರಿಗೆ ಎಲ್ಲಕ್ಕಿಂತ ಚುರುಕ್ಕೆಂದದ್ದು ಅದೇ.

ಮನೆಯಲ್ಲಿ ಎಲ್ಲರೂ ಅಪ್ಪನ ಎದುರು ನಿಂತು, ಬಾಯಿ ಕಾಣುವ ಹಾಗೆ ಮಾತಾಡುತ್ತಿದ್ದರು. ಸೇನೆಯಲ್ಲಿ ಸಿಡಿದ ಬಾಂಬುಗಳ ಸದ್ದು ಅವನ ಕಿವಿಯನ್ನು ಅರ್ಧ ತಿಂದು ಹಾಕಿತ್ತು. ಆದರೆ ಇಷ್ಟೊಂದು ಮಕ್ಕಳು ಒಟ್ಟಿಗೆ ಕೂತಿರುವಾಗ ಅಪ್ಪ ಯಾರ ಬಾಯಿ ಅಂತ ನೋಡಿಯಾನು? ಆ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

ಬೆಲ್ ಹೊಡೆದು ಎಲ್ಲರೂ ಮೆಟ್ಟಿಲಿಳಿಯುವಾಗ ಚಾಕ್‌ಪೀಸ್ ಹಿಂದಿನಿಂದ ಹಾಡಿದ: "ಕಮಾಂಡೋ ಅಲ್ಲ ಕಣೋ, ಕಿವುಡಾಂಡೋ."

ಬುಗುರಿ ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಅಪ್ಪನಿಗಿಂತ ಮುಂದೆ ಮುಂದೆ ನಡೆದಳು.

ಅವರ ಮನೆ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಒಳಗೆ ಬಂದವಳೇ ಬುಗುರಿ ಬೀರುವಿನ ಡ್ರಾಯರ್ ಎಳೆದು, ಪುಟ್ಟ ಬಿಳಿ ಡಬ್ಬಿಯೊಂದನ್ನು ತಂದು ಊಟದ ಮೇಜಿನ ಮೇಲೆ ಟಪ್ಪನೆ ಇಟ್ಟಳು. ಒಳಗೆ ಅಪ್ಪನ ಕಿವಿ ಮಷಿನ್ ಇತ್ತು. ಡಾಕ್ಟರ್ ಕೊಟ್ಟಿದ್ದು. ಒಂದೇ ದಿನ ಹಾಕಿಕೊಂಡು ಅಪ್ಪ ಅದನ್ನು ಅಲ್ಲಿ ಮಲಗಿಸಿದ್ದ.

"ಇದನ್ನ ಯಾಕೆ ಹಾಕ್ಕೊಳ್ಳಲ್ಲ ನೀನು?" ಎದುರು ನಿಂತು, ಬಿಡಿಸಿ ಬಿಡಿಸಿ ಕೇಳಿದಳು.

"ತಲೆ ನೋಯುತ್ತೆ ಕಣಮ್ಮ."

"ಅಷ್ಟು ದೊಡ್ಡ ಬ್ಯಾಗ್ ಹೊತ್ತೋನು ನೀನು. ಇದು ಕಡಲೆಬೀಜದಷ್ಟಿದೆ."

ಅಪ್ಪ ನಗಲು ನೋಡಿದ. ಬುಗುರಿ ಅಳುತ್ತಲೇ ಡಬ್ಬಿಯನ್ನು ಅವನತ್ತ ತಳ್ಳಿದಳು. "ಎಲ್ಲರೂ ನಕ್ಕಿದ್ದು ನಿನ್ನ ಕತೆ ಕೇಳಿ ಅಲ್ಲ ಅಪ್ಪಾ. ನಿನ್ನ ನೋಡಿ. ಅವನು ಕೇಳಿದ್ದು ಮಾವಲ್ಲ, ಹಾವು."

ಅಪ್ಪನ ಮುಖದಲ್ಲಿದ್ದ ನಗು ಹಾಗೇ ಇಳಿಯಿತು. ಕುರ್ಚಿ ಎಳೆದು ಕೂತ. ಆಮೇಲೆ ಡಬ್ಬಿ ತೆರೆದು ಮಷಿನ್ ಕಿವಿಗೆ ಸಿಕ್ಕಿಸಿಕೊಂಡ.

"ಫ್ಯಾನ್ ಇಷ್ಟು ಸದ್ದು ಮಾಡುತ್ತಾ?" ಎಂದು ಮೇಲೆ ನೋಡಿದ. "ನಿನ್ನ ಧ್ವನಿ ದಪ್ಪ ಆಗಿದೆ ಬುಗುರಿ. ನಾನು ಇನ್ನೂ ಸಣ್ಣದು ಅಂದ್ಕೊಂಡಿದ್ದೆ."

ಅವಳಿಗೆ ಅಳುವಿನ ಮಧ್ಯೆಯೇ ನಗು ಬಂತು. ಏನೋ ಹೇಳಲು ಬಾಯಿ ತೆರೆದಳು.

ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಯೊಂದು ಕೈಜಾರಿ ನೆಲಕ್ಕೆ ಬಿತ್ತು.

ಮುಂದೆ ಏನಾಯಿತೆಂದು ಬುಗುರಿಗೆ ತಿಳಿಯುವಷ್ಟರಲ್ಲಿ ಅವಳು ಮೇಜಿನ ಕೆಳಗಿದ್ದಳು. ಅವಳ ಮೇಲೆ ಅಪ್ಪ ಗೋಡೆಯ ಹಾಗೆ ಬಾಗಿದ್ದ. ಒಂದು ಕೈ ಅವಳ ತಲೆಯನ್ನು ಮುಚ್ಚಿ ಹಿಡಿದಿತ್ತು. ಕುರ್ಚಿ ಅಡಿಮೇಲಾಗಿ ಬಿದ್ದಿತ್ತು. ಅಪ್ಪನ ಉಸಿರು ಓಡಿ ಬಂದವನ ಉಸಿರಿನ ಹಾಗಿತ್ತು.

ಅಮ್ಮ ಬಂದಳು. ಗಾಬರಿಪಡಲಿಲ್ಲ, ಗಲಾಟೆ ಮಾಡಲಿಲ್ಲ. ತಾನೂ ನೆಲದ ಮೇಲೆ ಕೂತು ಮೆತ್ತಗೆ ಹೇಳಿದಳು: "ತಟ್ಟೆ ರೀ. ನನ್ನ ಕೈಯಿಂದ ಜಾರ್ತು. ಬರೀ ತಟ್ಟೆ."

ಅಪ್ಪ ನಿಧಾನವಾಗಿ ಎದ್ದು ಕೂತ. ಮಷಿನ್ ತೆಗೆಯಲು ಹೋದರೆ ಅದು ಕೈಗೇ ಸಿಗಲಿಲ್ಲ. ಬುಗುರಿಯೇ ತೆಗೆದುಕೊಟ್ಟಳು.

"ಇದಕ್ಕೇ ಕಣಮ್ಮ" ಎಂದ ಅಪ್ಪ. "ಏನೂ ಕೇಳಿಸದಿದ್ರೆ ಹೊರಗೂ ಸುಮ್ನಿರುತ್ತೆ, ಒಳಗೂ ಸುಮ್ನಿರುತ್ತೆ. ಇದು ತಟ್ಟೆ ಅಂತ ತಲೆಗೆ ಗೊತ್ತಾಗೋಕೆ ಮುಂಚೆ ಮೈ ಓಡಿಬಿಡುತ್ತೆ."

ಬುಗುರಿ ಮೇಜಿನ ಕೆಳಗಿಂದ ಎದ್ದು ಬಂದಳು. ಕುರ್ಚಿ ಎತ್ತಿ ನೆಟ್ಟಗಿಟ್ಟಳು.

ಮರುದಿನ ಬೆಳಿಗ್ಗೆ ಅಪ್ಪ ಬಾಲ್ಕನಿಯಲ್ಲಿ ಹಗ್ಗ ಸುತ್ತುತ್ತಿದ್ದ. ಬುಗುರಿ ಹೋಗಿ ಎದುರು ಕೂತಳು.

"ಅಪ್ಪಾ, ಸೇನೆಯಲ್ಲಿ ಮೊದಲ್ನೇ ದಿನಾನೇ ಪೂರ್ತಿ ಬ್ಯಾಗ್ ಹೊರಿಸಿದ್ರಾ?"

"ಹೊರಿಸಿದ್ರೆ ಅಲ್ಲೇ ಮುಗ್ಗರಿಸ್ತಿದ್ದೆ. ಮೊದಲು ಖಾಲಿ ಚೀಲ. ಆಮೇಲೆ ಸ್ವಲ್ಪ ಮರಳು ಹಾಕೋರು. ಅದು ರೂಢಿಯಾದ ಮೇಲೆ ಇನ್ನಷ್ಟು."

"ಒಬ್ಬನೇ ಹೊತ್ಕೊಂಡು ಓಡ್ತಿದ್ಯಾ?"

"ಇಲ್ಲ, ಜೊತೆಗೆ ಒಬ್ಬ ಬಡ್ಡಿ ಇರ್ತಿದ್ದ."

"ಬಡ್ಡೀನಾ? ಬ್ಯಾಂಕಲ್ಲಿ ಹಾಕ್ತಾರಲ್ಲ, ಅದಾ?"

ಅಪ್ಪ ಜೋರಾಗಿ ನಕ್ಕ. "ಅದಲ್ಲ ಮಾರಾಯ್ತಿ. ಬಡ್ಡಿ ಅಂದ್ರೆ ಜೋಡಿ. ನಾನು ಮುಂದೆ ನೋಡಿದ್ರೆ ಅವನು ಹಿಂದೆ ನೋಡ್ಬೇಕು. ಬಾಯಿ ಬಿಡೋ ಹಾಗಿಲ್ಲ, ಎಲ್ಲ ಕೈಯಲ್ಲೇ." ಮುಷ್ಟಿ ಎತ್ತಿ ತೋರಿಸಿದ. "ಇದು ನಿಲ್ಲು ಅಂತ." ಅಂಗೈ ಕೆಳಮುಖವಾಗಿ ಇಳಿಸಿದ. "ಇದು ನಿಧಾನ." ಬೆರಳನ್ನು ಕಿವಿಗೆ ತಾಗಿಸಿದ. "ಇದು ಸದ್ದು ಬರ್ತಿದೆ ಅಂತ."

ಬುಗುರಿ ಮೂರನ್ನೂ ಮಾಡಿ ತೋರಿಸಿದಳು. ಆಮೇಲೆ ಒಳಗೆ ಹೋಗಿ ಬಿಳಿ ಡಬ್ಬಿ ತಂದಳು.

"ಇವತ್ತು ಖಾಲಿ ಚೀಲ" ಎಂದಳು. "ಬರೀ ಫ್ಯಾನ್. ಬಾಗಿಲು ಹಾಕಿರ್ತೀನಿ. ನಾನೇ ನಿನ್ನ ಬಡ್ಡಿ."

ಅಪ್ಪ ಅವಳನ್ನೂ ಡಬ್ಬಿಯನ್ನೂ ನೋಡಿದ. ಬೇಡ ಎನ್ನುತ್ತಾನೆ ಎಂದೇ ಅವಳು ಅಂದುಕೊಂಡಿದ್ದಳು. ಅವನು ಕೈ ಚಾಚಿದ.

ಅವತ್ತು ಫ್ಯಾನ್. ಆಮೇಲೆ ನಲ್ಲಿ ನೀರು. ಆಮೇಲೆ ಲೋಟದಲ್ಲಿ ಚಮಚ ಆಡಿಸುವ ಸದ್ದು. ಪ್ರತಿ ಸಲವೂ ಬುಗುರಿ ಮೊದಲು ಬೆರಳನ್ನು ಕಿವಿಗೆ ತಾಗಿಸುತ್ತಿದ್ದಳು, ಅಪ್ಪ ತಲೆಯಾಡಿಸುತ್ತಿದ್ದ, ಸದ್ದು ಆಮೇಲೆ.

ಕುಕ್ಕರ್ ಮಾತ್ರ ಜಗ್ಗಲಿಲ್ಲ. ಮೊದಲ ಸಲ ಅದು ಕೂಗಿದಾಗ ಅಪ್ಪ ಮಷಿನ್ ಕಿತ್ತು, ಟೆರೇಸಿಗೆ ಹೋಗಿಬಿಟ್ಟ. ಎರಡು ದಿನ ಡಬ್ಬಿ ಮುಟ್ಟಲಿಲ್ಲ.

"ನಾನು ಅವಸರ ಮಾಡಿದೆ" ಎಂದು ಬುಗುರಿ ಅಮ್ಮನ ಸೆರಗಿಗೆ ಮುಖ ಒತ್ತಿದಳು.

"ಬುಗುರಿ ಬಿಟ್ಟ ತಕ್ಷಣ ತಿರುಗುತ್ತೆ, ಅಪ್ಪನಿಗೆ ಸ್ವಲ್ಪ ಟೈಮ್ ಬೇಕು" ಎಂದಳು ಅಮ್ಮ. "ಇರು, ಬರ್ತಾರೆ."

ಮೂರನೇ ದಿನ ಅಪ್ಪ ತಾನಾಗಿಯೇ ಡಬ್ಬಿ ತೆಗೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ಕುಕ್ಕರ್ ಕೂಗಿ ಮುಗಿಸುವ ತನಕ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದ. ಆದರೆ ಇದ್ದ.

ಭಾನುವಾರ ಚಾಕ್‌ಪೀಸ್ ಬಂದ. ಅಪ್ಪ ಟೈರ್ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ ಕೂತು ಬುಗುರಿಗೆ ಹಗ್ಗದ ಗಂಟು ಹಾಕುವುದನ್ನು ಹೇಳಿಕೊಡುತ್ತಿದ್ದ. ಭಾನುವಾರ ಅಂಗಡಿಗೆ ರಜೆ, ಬೀದಿ ತಣ್ಣಗಿತ್ತು. ಅದಕ್ಕೇ ಮೊದಲ ಸಲ ಮಷಿನ್ ಹಾಕಿಕೊಂಡು ಕೆಳಗಿಳಿದಿದ್ದ.

ಅಂಗಡಿಯ ಮೂಲೆಯಿಂದ ಚಾಕ್‌ಪೀಸ್ ಬೆಕ್ಕಿನ ಹೆಜ್ಜೆ ಇಡುತ್ತ ಅಪ್ಪನ ಬೆನ್ನ ಹಿಂದೆ ಬರುತ್ತಿದ್ದ. ಅವನ ಹಿಂದೆ ಇನ್ನಿಬ್ಬರು ಹುಡುಗರು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಚಾಕ್‌ಪೀಸ್ ಕೈಯಲ್ಲಿ ಗಾಳಿ ಊದಿ ಬಾಯಿ ತಿರುಚಿದ ಕಾಗದದ ಚೀಲ. ಅಪ್ಪನಿಗೆ ನಿಜಕ್ಕೂ ಕೇಳಿಸುವುದಿಲ್ಲವೇ ಎಂದು ನೋಡಲು ಬಂದಿದ್ದರು.

ಬುಗುರಿ ಅವರನ್ನು ನೋಡಿದಳು. ಕಿರುಚೋಣ ಎನ್ನಿಸಿತು. ಕಿರುಚಿದರೆ ಅದೂ ಒಂದು ಸದ್ದೇ ಅಲ್ಲವೇ? ಓಡಿ ಹೋಗಿ ಕಿತ್ತುಕೊಳ್ಳಲು ಹೊತ್ತಿರಲಿಲ್ಲ.

ಅವಳು ಮುಷ್ಟಿ ಎತ್ತಿದಳು. ಬೆರಳನ್ನು ಕಿವಿಗೆ ತಾಗಿಸಿದಳು. ಅಪ್ಪನ ಹಿಂದಕ್ಕೆ ತೋರಿಸಿದಳು. ಕೊನೆಗೆ ಅಂಗೈಯನ್ನು ನಿಧಾನವಾಗಿ ಕೆಳಗಿಳಿಸಿದಳು.

ಹಗ್ಗದ ಮೇಲಿದ್ದ ಅಪ್ಪನ ಕೈ ನಿಂತಿತು. ಅವನು ಅವಳ ಕಣ್ಣನ್ನೇ ನೋಡಿದ.

ಢಬ್.

ಅಪ್ಪನ ಭುಜ ಕಿವಿಯ ತನಕ ಏರಿತು. ಹಗ್ಗ ಹಿಡಿದ ಬೆರಳುಗಳು ಬೆಳ್ಳಗಾದವು. ಬುಗುರಿ ಅಂಗೈ ಇಳಿಸುತ್ತಲೇ ಇದ್ದಳು, ಮತ್ತೊಮ್ಮೆ, ಮಗದೊಮ್ಮೆ. ಅಪ್ಪ ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟು, ಕಣ್ಣು ತೆರೆದ. ಕೂತಲ್ಲಿಂದ ಏಳಲಿಲ್ಲ.

ಆಮೇಲೆ ತಿರುಗಿದ.

ಚಾಕ್‌ಪೀಸ್ ಹರಿದ ಚೀಲ ಹಿಡಿದು ಕಲ್ಲಿನಂತೆ ನಿಂತಿದ್ದ. ಇನ್ನಿಬ್ಬರು ಯಾವಾಗಲೋ ಕಾಲಿಗೆ ಬುದ್ಧಿ ಹೇಳಿದ್ದರು.

"ಕೇ... ಕೇಳಿಸ್ತಾ ಅಂಕಲ್?"

"ಕೇಳಿಸ್ತು. ಚೆನ್ನಾಗೇ ಕೇಳಿಸ್ತು" ಎಂದ ಅಪ್ಪ. ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. "ಇನ್ನೊಂದ್ಸಲ ಒಡೆಯೋದಿದ್ರೆ ಮೊದಲೇ ಹೇಳಿಬಿಡು ಮರಿ. ಜೋರು ಸದ್ದು ಅಂದ್ರೆ ನಂಗೆ ಭಯ."

ಚಾಕ್‌ಪೀಸ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಕಮಾಂಡೋಗೂ ಭಯಾನಾ?"

"ಹೂಂ. ಅವತ್ತು ಕ್ಲಾಸಲ್ಲಿ ಒಂದು ಮಗು ಅದನ್ನೇ ಕೇಳ್ತಂತೆ, ಬುಗುರಿ ಆಮೇಲೆ ಹೇಳಿದ್ಲು. ನಂಗೆ ಭಾರ ಅಂತ ಕೇಳಿಸ್ತು. ಭಾರಾನೂ ಆಗ್ತಿತ್ತು, ಭಯಾನೂ ಆಗ್ತಿತ್ತು ಅಂತ ಅವಳಿಗೆ ಹೇಳು."

ಚಾಕ್‌ಪೀಸ್ ಹರಿದ ಚೀಲವನ್ನು ಮಡಚಿ ಮಡಚಿ ಜೇಬಿಗೆ ತುರುಕಿದ. ಹೋಗುತ್ತಾನೆ ಎಂದುಕೊಂಡರೆ ಹೋಗಲಿಲ್ಲ. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ಕೇಳಿದ: "ಹಾಗಾದ್ರೆ ಆ ಹಾವು..."

"ಹಾವು ತಿಂದಿಲ್ಲಪ್ಪ. ಮಾವು ತಿಂದಿದ್ದೀನಿ."

ಮೊದಲು ನಕ್ಕವನು ಅಪ್ಪನೇ. ಆಮೇಲೆ ಬುಗುರಿ. ಚಾಕ್‌ಪೀಸ್‌ಗೆ ನಗಲು ಸ್ವಲ್ಪ ಹೊತ್ತು ಬೇಕಾಯಿತು. ನಕ್ಕ ಮೇಲೆ ಅವನೂ ಮೆಟ್ಟಿಲ ಮೇಲೆ ಕೂತ. "ಸಾರಿ ಅಂಕಲ್" ಎಂದ. ಅಪ್ಪ ಹಗ್ಗದ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟ.

ಅದಾದ ಮೇಲೆ ಒಂದು ಸಂಜೆ ಅಪ್ಪ, ಮಗಳು ಪೇಟೆಗೆ ಹೋದರು. ಅಪ್ಪನ ಕಿವಿಯಲ್ಲಿ ಮಷಿನ್ ಇತ್ತು. ತರಕಾರಿ ಅಂಗಡಿಯವಳು ಬೆಲೆ ಹೇಳಿದ್ದು ಒಂದೇ ಸಲಕ್ಕೆ ಕೇಳಿಸಿತು. ಸೈಕಲ್ ಗಂಟೆ ಕೇಳಿಸಿತು. ದೊಡ್ಡ ರಸ್ತೆ ಬಂದಾಗ ಬಸ್ಸು, ಲಾರಿ, ಬೈಕುಗಳೆಲ್ಲ ಒಟ್ಟಿಗೆ ಮೇಲೆ ಬಿದ್ದವು. ಅಪ್ಪ ತಿರುವಿನ ತನಕ ನಡೆದ. ಅಲ್ಲಿ ನಿಂತು, ಮಷಿನ್ ತೆಗೆದು ಡಬ್ಬಿಯಲ್ಲಿಟ್ಟ.

"ಇವತ್ತಿಗೆ ಸಾಕು" ಎಂದ.

ಮೊದಲಾಗಿದ್ದರೆ ಬುಗುರಿ "ಇನ್ನೊಂಚೂರು ಅಪ್ಪಾ" ಎಂದು ರಾಗ ಎಳೆಯುತ್ತಿದ್ದಳು. ಈಗ ತಲೆಯಾಡಿಸಿ ಅವನ ಕೈ ಹಿಡಿದುಕೊಂಡಳು.

ರಸ್ತೆ ದಾಟಿದ ಮೇಲೆ ಅವಳಿಗೆ ಮಾತು ಬಂತು. ಅವತ್ತು ಓಟದಲ್ಲಿ ಚಾಕ್‌ಪೀಸ್‌ನನ್ನು ಸೋಲಿಸಿದ್ದು, ಮಿಸ್ ಬೆನ್ನು ತಟ್ಟಿದ್ದು, ಆಮೇಲೆ ತಾನು ಎಡವಿ ಬಿದ್ದಿದ್ದು, ಎಲ್ಲ ಹೇಳುತ್ತ ಹೋದಳು. ಅರ್ಧ ಹೇಳಿದ ಮೇಲೆ ತಲೆ ಎತ್ತಿ ನೋಡಿದರೆ ಅಪ್ಪ ಅಂಗಡಿಗಳ ದೀಪ ನೋಡುತ್ತ, ತನ್ನಷ್ಟಕ್ಕೆ ಹಗುರಾಗಿ ನಡೆಯುತ್ತಿದ್ದ. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ಬುಗುರಿ ಅವನ ಕೈ ಜಗ್ಗಲಿಲ್ಲ. ಮನೆಗೆ ಹೋಗಿ ಎದುರು ಕೂತು ಮೊದಲಿಂದ ಹೇಳಿದರಾಯಿತು ಎಂದುಕೊಂಡು, ಅವನ ಪಕ್ಕದಲ್ಲಿ ಸುಮ್ಮನೆ ನಡೆದಳು.