ಒಂದೇ ಕೀಬೋರ್ಡಿನ ಜೋಡಿ ಆಟ

"ಇನ್ನೊಂದ್ಸಲ ಕೀಬೋರ್ಡ್ ಕುಟ್ಟಿದ್ರೆ ಈ ಅಂಗಡಿ ಕಡೆ ಬರ್ಲೇಬೇಡಿ. ಹೇಳ್ಬಿಟ್ಟಿದ್ದೀನಿ."

ಮೇಘಶ್ರೀ ದನಿ ಏರಿಸಲಿಲ್ಲ. ಅದಕ್ಕೇ ಶಶಿಧರ ಥಟ್ಟನೆ ಕೀಬೋರ್ಡಿನಿಂದ ಕೈ ತೆಗೆದ. ಓದು ಅರ್ಧಕ್ಕೇ ಬಿಟ್ಟು ಅರಸೀಕೆರೆಯ ಕೊಬ್ಬರಿ ಮಂಡಿ ಸೇರಿದವನು. ಎಂಥೆಂಥವರ ಮೇಲೂ ಎಗರಾಡಿದವನು. ಅವಳು ನಡೆಸುವ ಈ ಪುಟ್ಟ ಜೆರಾಕ್ಸ್ ಅಂಗಡಿಯಿಂದ ಹೊರಬಿದ್ದರೆ ಮಾತ್ರ ಅವನಿಗೆ ಬೇರೆ ದಿಕ್ಕಿರಲಿಲ್ಲ.

ಆದರೂ ಅವನ ಬಾಯಿ ನಿಲ್ಲಲಿಲ್ಲ. "ಮತ್ತೆ ಆಟದಲ್ಲಿ ನೀವ್ಯಾಕ್ರೀ ಗುಂಡು ಹೊಡೀಲಿಲ್ಲ? ನನ್ನ ಸಾಯಕ್ಕೆ ಬಿಟ್ರಲ್ಲ!"

"ಗುಂಡಿ ಒತ್ತಿದೆ ಕಣ್ರೀ!"

"ಸುಳ್ಳು!"

ಅವಳು ಮುಖ ತಿರುಗಿಸಿದಳು.

ಮಧ್ಯಾಹ್ನ ಗಿರಾಕಿ ಕರಗಿದ ಮೇಲೆ ಒಂದೇ ಬೆಂಚಿನಲ್ಲಿ ಕೂತು ಆಡುವುದು ಇಬ್ಬರಿಗೂ ರೂಢಿಯಾಗಿತ್ತು. ಕ್ಯಾಸೆಟ್ ಊದಿ ಊದಿ ಹಾಕುತ್ತಿದ್ದ ಕಾಲದ ಟಿವಿ ಗೇಮು. ಈಗ ಬ್ರೌಸರಿನಲ್ಲಿ ಒಂದು ಟ್ಯಾಬ್ ತೆರೆದರೆ ಸಾಕು, ಆ ಚೌಕಚೌಕ ಬಣ್ಣದ ಕಾಡು ಹಾಗೇ ಎದ್ದು ಬರುತ್ತಿತ್ತು. ಎಂಥಾ ಮಾಯೆ! ಕೀಬೋರ್ಡಿನ ಎಡಗಡೆ ಅವಳ ನೀಲಿ ಸೈನಿಕ, ಬಲಗಡೆ ಇವನ ಕೆಂಪು ಸೈನಿಕ. ನೀಲಿಯವನು ನೆಗೆದರೆ ಅವಳ ಹುಬ್ಬೂ ನೆಗೆಯುತ್ತಿತ್ತು. ಅವಳ ಬಳೆ ಇವನ ಮಣಿಕಟ್ಟಿಗೆ ತಾಗಿದಾಗಲೆಲ್ಲ ಕೆಂಪು ಸೈನಿಕ ಹಳ್ಳಕ್ಕೆ ಬೀಳುತ್ತಿದ್ದ.

"ಬನ್ನಿ ಇಲ್ಲಿ," ಮುಖ ತಿರುಗಿಸಿದ್ದ ಅವಳೇ ಕರೆದಳು. "ಯಾವಾಗ್ಲೂ ಒತ್ತೋ ಹಾಗೆ ಒತ್ತಿ ಹಿಡ್ಕೊಳ್ಳಿ."

ಅವನು ಮೂರು ಗುಂಡಿ ಅದುಮಿ ಹಿಡಿದ. ಅವಳು ತನ್ನದನ್ನು ಒತ್ತಿ ಹಿಡಿದಳು. ನೀಲಿ ಸೈನಿಕ ಸುಮ್ಮನೆ ನಿಂತಿದ್ದ.

"ಈಗ ಬೆರಳೆತ್ತಿ."

ಎತ್ತಿದ. ಗುಂಡುಗಳು ಸಿಡಿದವು.

"ಅಗ್ಗದ ಕೀಬೋರ್ಡು. ಒಟ್ಟಿಗೆ ಅಷ್ಟೊಂದು ಗುಂಡಿ ತಡ್ಕೊಳಲ್ಲ. ನೀವು ಎಲ್ಲಾ ಅದುಮ್ಕೊಂಡಿದ್ರೆ ನಾನು ಒತ್ತಿದ್ದು ಅದಕ್ಕೆ ಗೊತ್ತೇ ಆಗಲ್ಲ."

ಅವನ ಕಿವಿ ಕೆಂಪಾಯಿತು. "ತಪ್ಪಾಯ್ತು ಕಣ್ರೀ! ಸುಳ್ಳು ಅನ್ಬಾರ್ದಿತ್ತು!"

"ತಪ್ಪಾಯ್ತು ಅನ್ನೋಕೂ ಇಷ್ಟ್ ಜೋರಾ? ಎದುರು ಹೋಟ್ಲು ರಾಮಣ್ಣ ಎದ್ದು ನೋಡ್ತಾವ್ರೆ."

ಮತ್ತೆ ಆಡಿದರು. ಈ ಸಲ ಅವನು ಒತ್ತುವುದು, ಬಿಡುವುದು. ಅವಳಿಗೆ ದಾರಿ ಬಿಟ್ಟು ಕಾಯುವುದು. ಆಹಾ, ಆ ಬೆರಳುಗಳ ಚುರುಕೇ! ಇಷ್ಟು ದಿನ ಇದನ್ನು ತುಳಿದುಕೊಂಡು ಕೂತಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಎಂದೂ ದಾಟದ ಕೋಟೆಯ ಬಾಗಿಲನ್ನು ಅವಳು ಪುಡಿಗುಟ್ಟಿದಳು.

"ಗೆದ್ವಿ! ನೋಡಿದ್ರಾ?"

"ಇಲ್ಲ."

"ಮತ್ತೇನ್ ನೋಡ್ತಿದ್ರಿ?"

"ನಿಮ್ಮನ್ನ." ಶಶಿಧರ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವನ ಬಾಯಲ್ಲಿ ಅಷ್ಟು ಸಣ್ಣ ದನಿ ಇದೆಯೆಂದು ಮಂಡಿಯಲ್ಲಿ ಯಾರೂ ನಂಬುತ್ತಿರಲಿಲ್ಲ. "ನೀವಂದ್ರೆ ನಂಗೆ ಪ್ರಾಣ. ಹೇಳಿದ್ರೆ ಎಲ್ಲಿ ಓಡಿಸ್ಬಿಡ್ತೀರೋ ಅಂತ ಭಯ ಐತೆ."

ಅವಳು ಪರದೆಯನ್ನೇ ನೋಡುತ್ತಿದ್ದಳು. ಕೆನ್ನೆಯಲ್ಲಿ ಮಾತ್ರ ನಗು ಅಡಗಲೊಲ್ಲದು.

"ಭಾನುವಾರ ಬಾಣಾವರಕ್ಕೆ, ನಮ್ಮನೇಗೆ ಬನ್ನಿ. ಅಮ್ಮ ಇರ್ತಾರೆ," ಎಂದಳು. "ಅವ್ರತ್ರಾನೂ ಇಷ್ಟೇ ಮೆತ್ತಗೆ ಕೇಳಿ."